ಒಂದು ಹಿಡಿ ಸುಣ್ಣ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಊರಿಗೆ ಬಂದಾಗಲೆಲ್ಲ ಹಿರಿಯರು, "ಅಲ್ಲಿ ಏನ್ ಕೆಲಸ ಮಾಡ್ತಿಯೋ ತಮ್ಮಾ?" ಎಂದು ಕೇಳುತ್ತಾರೆ. ಇವತ್ತು ಉತ್ತರ ಹೇಳುತ್ತೇನೆ.

ನಮ್ಮ ಮನೆ ಕಟ್ಟಿಸುವಾಗ ಗೌಂಡಿ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕಿದರು. ಅವ್ವ ಅಡುಗೆಮನೆಯ ಗೆರೆಯೊಳಗೆ ನಿಂತು, "ಇಲ್ಲಿ ಬಾಗಿಲಾ ತೆರದ್ರ ಒಲಿಗೆ ಬಡೀತದ" ಅಂದಳು. ಗೌಂಡಿ ಕಾಲಿನಿಂದ ಗೆರೆ ಅಳಿಸಿ ಬಾಗಿಲು ಆಚೆಗೆ ಸರಿಸಿದರು. ಖರ್ಚಾದದ್ದು ಒಂದು ಹಿಡಿ ಸುಣ್ಣ. ಗೋಡೆ ಎದ್ದ ಮೇಲೆ ಹೇಳಿದ್ದರೆ?

ನನ್ನ ಕೆಲಸವೂ ಅದೇ. ಸುಣ್ಣದ ಬದಲು ಮೊಬೈಲ್. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್ ಎನ್ನುತ್ತಾರೆ. ಮೊಬೈಲ್ ತನ್ನ ಕ್ಯಾಮೆರಾದಿಂದ ನೆಲದ ಮೇಲಿನ ಗುರುತುಗಳನ್ನು ಹಿಡಿಯುತ್ತದೆ. ಕೈ ಎತ್ತ ತಿರುಗಿತು, ಎಷ್ಟು ಸರಿಯಿತು ಎಂಬುದನ್ನು ಒಳಗಿನ ಸೆನ್ಸರ್‌ಗಳು ಹೇಳುತ್ತವೆ. ಎರಡನ್ನೂ ಕೂಡಿಸಿ, ಇನ್ನೂ ತಯಾರಾಗದ ವಸ್ತುವನ್ನು ಅದರ ನಿಜವಾದ ಅಳತೆಯಲ್ಲಿ ನಮ್ಮ ಕೋಣೆಯೊಳಗೇ ನಿಂತಂತೆ ಪರದೆಯ ಮೇಲೆ ತೋರಿಸುತ್ತದೆ. ಸುತ್ತಲೂ ನಡೆದು ನೋಡಬಹುದು.

1990ರ ದಶಕದ ಆರಂಭದಲ್ಲಿ ಬೋಯಿಂಗ್ ವಿಮಾನ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಜೆಲ್, ವಿಮಾನದ ವೈರುಗಳನ್ನು ಜೋಡಿಸುವ ಕೆಲಸಗಾರರಿಗೆ ನೆರವಾಗಲೆಂದು ಈ ದಾರಿ ಹುಡುಕಿದರು. 2017ರಲ್ಲಿ ಐಕಿಯಾ ಕಂಪನಿ, ಕುರ್ಚಿ–ಮಂಚಗಳನ್ನು ಕೊಳ್ಳುವ ಮೊದಲೇ ಮನೆಯಲ್ಲಿಟ್ಟು ನೋಡುವ ಆ್ಯಪ್ ತಂದಿತು. ಅಂದರೆ ಇದು ಹುಟ್ಟಿದ್ದು ಆಟಕ್ಕಲ್ಲ, ದುಡಿಯುವವರಿಗೆ.

ಇದನ್ನು ನಾನೇ ಒಮ್ಮೆ ಮರೆತಿದ್ದೆ. ಒಂದು ಕಾರ್ಖಾನೆಗೆ ಪ್ಯಾಕಿಂಗ್ ಯಂತ್ರದ ವಿನ್ಯಾಸ ತೋರಿಸಲು ಹೋಗಿದ್ದೆವು. ಮೀಟಿಂಗ್ ಕೋಣೆಯ ಮೇಜಿನ ಮೇಲೆ ಯಂತ್ರವನ್ನು ಆಟಿಕೆಯಷ್ಟು ಚಿಕ್ಕದಾಗಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಡುವಾಗ ಒಬ್ಬ ಹಿರಿಯ ಮೇಲ್ವಿಚಾರಕರು, "ಅದನ್ನು ಕೆಲಸದ ಜಾಗದಲ್ಲೂ ಒಮ್ಮೆ ತೋರಿಸಿ" ಅಂದರು. ಪೂರ್ತಿ ಅಳತೆಯಲ್ಲಿ ನಿಲ್ಲಿಸಿದೆವು. ಅಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಅದರ ಮುಂದೆ ನಿಂತು ಕೈ ಎತ್ತಿದಳು. "ಸಾರ್, ಕೆಂಪು ಬಟನ್ ನನಗೆ ಎಟುಕುವುದಿಲ್ಲ."

ಅದು ಅಪಾಯದಲ್ಲಿ ಯಂತ್ರ ನಿಲ್ಲಿಸುವ ಬಟನ್. ಆ ಎತ್ತರವನ್ನು ಫೈಲಿನಲ್ಲಿ ಬರೆದವನು ನಾನೇ, ನನ್ನ ಎತ್ತರಕ್ಕೆ. ಯಂತ್ರ ತಯಾರಾಗಿ, ಅವಳ ಸೆರಗು ಅದರೊಳಗೆ ಸಿಕ್ಕ ದಿನ ಅದು ಗೊತ್ತಾಗಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವ್ವನ ಒಲೆ ನೆನಪಾಯಿತು. ಗೆರೆ ಹಾಕಿದರೆ ಸಾಲದು. ಅದರೊಳಗೆ ಬದುಕುವವರನ್ನು ಕರೆದು ನಿಲ್ಲಿಸಬೇಕು.

ಎಆರ್‌ಗೂ ಮಿತಿಯಿದೆ. ಅದು ಭಾರ ತೋರಿಸದು, ಬಿಸಿ ತೋರಿಸದು, ಗಟ್ಟಿತನ ತೋರಿಸದು. ಮಂದ ಬೆಳಕಿನಲ್ಲಿ, ಹೊಳೆಯುವ ನೆಲದ ಮೇಲೆ ಚಿತ್ರ ಜಾರಿಹೋಗುತ್ತದೆ. ಚೆಂದ ಕಂಡದ್ದೆಲ್ಲ ಚೆನ್ನಾಗಿರುತ್ತದೆ ಎಂದು ನಂಬಬೇಡಿ.

ಮಕ್ಕಳೇ, ಇದನ್ನು ಕಲಿಯಲು ದೊಡ್ಡ ಮೊಬೈಲ್ ಬೇಕಿಲ್ಲ. ಶಾಲೆಗೆ ಹೊಸ ಬೆಂಚು ಬೇಕಾದಾಗ ಟೇಪು ಹಿಡಿದು ಅಳೆಯಿರಿ, ಸೀಮೆಸುಣ್ಣದಿಂದ ನೆಲದ ಮೇಲೆ ಅದೇ ಅಳತೆಯಲ್ಲಿ ಬರೆಯಿರಿ. ನಿಮ್ಮಲ್ಲಿ ಅತಿ ಗಿಡ್ಡ ಇರುವವರನ್ನು ಮೊದಲು ಕೂರಿಸಿ ಕೇಳಿರಿ. ಇಲ್ಲಿ ಕಲಿತ ರೇಖಾಗಣಿತವೇ ಇಂದು ನನ್ನ ಅನ್ನ.