ಬೇಲಿ ಕಂಬದ ತಲೆಗೆ ಮುಚ್ಚಳ

(ರೈತರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಬಯಲುಸೀಮೆಯವರಿಗೆ ಈ ವಿಷಯ ಅಷ್ಟಾಗಿ ಬೇಡ, ಅಲ್ಲಿ ಕಲ್ಲುಕಂಬಗಳುಂಟು. ಮಲೆನಾಡಿನಲ್ಲಿ ಮರದ ಕಂಬ ನೆಟ್ಟು ಮುಳ್ಳುತಂತಿ ಎಳೆದವರಿಗೆ ಮಾತ್ರ ಇದು ಪ್ರತಿ ಮಳೆಗಾಲದ ಚಿಂತೆ.

ಕಂಬ ಮುಖ್ಯವಾಗಿ ಎರಡು ಕಡೆ ಕೊಳೆಯುತ್ತದೆ: ನೆಲಮಟ್ಟದಲ್ಲಿ ಮತ್ತು ತಲೆಯಲ್ಲಿ. ಬುಡದ ಕೊಳೆಗೂ ಗೆದ್ದಲಿಗೂ ಮುಚ್ಚಳದಿಂದ ಏನೂ ಉಪಯೋಗವಿಲ್ಲ. ಆದ್ದರಿಂದ ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲು ಬುಡಕ್ಕೆ ಸಂರಕ್ಷಕ ಕೊಡಿಸಿರಿ, ಆಮೇಲೆ ತಲೆ ನೋಡಿರಿ. ಆದರೂ ತಂತಿಯ ಎಳೆತ ಹೊರುವ ಮೂಲೆಕಂಬಗಳಿಗೆ, ಗೇಟಿನ ಕಂಬಗಳಿಗೆ ಮುಚ್ಚಳ ತಪ್ಪಿಸಬಾರದು ಎಂಬುದು ನನ್ನ ಅಭಿಪ್ರಾಯ.

ಕಾರಣ ಹೀಗಿದೆ. ಮರದ ನಾಳಗಳು ಉದ್ದಕ್ಕೆ ಸಾಗುತ್ತವೆ. ಕೊಯ್ದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುವುದರಿಂದ ಪಕ್ಕದ ಮೈಗಿಂತ ತಲೆ ಅನೇಕ ಪಟ್ಟು ವೇಗವಾಗಿ ನೀರು ಹೀರುತ್ತದೆ. ಬೇಸಿಗೆಯಲ್ಲಿ ಸೀಳು ಬಿಟ್ಟ ತಲೆಯೊಳಗೆ ಜೂನ್ ತಿಂಗಳ ಮಳೆ ಇಳಿದು ನಿಲ್ಲುತ್ತದೆ. ಮರದ ತೇವಾಂಶ ಶೇ. 20ರೊಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು, ಶೇ. 30 ದಾಟಿದರೆ ಅದಕ್ಕೆ ಹಬ್ಬ. ಮೇಲಿನ ತಂತಿಯ ಮೊಳೆ ಇರುವುದು ತಲೆಯಿಂದ ನಾಲ್ಕು ಬೆರಳು ಕೆಳಗೆ. ಕೊಳೆ ಅಲ್ಲಿಗೆ ಇಳಿಯಿತೆಂದರೆ ಮೊಳೆ ಸಡಿಲಾಗಿ ತಂತಿ ಜೋಲುತ್ತದೆ, ದನ ಗದ್ದೆಗೆ ಇಳಿಯುತ್ತದೆ.

ಖರ್ಚಿಲ್ಲದ ಕೆಲಸ ಮೊದಲು. ತಲೆಯನ್ನು ಚಪ್ಪಟೆಯಾಗಿ ಬಿಡದೆ ಓರೆಯಾಗಿ ಕೊಯ್ಯಿರಿ. 10 ಸೆಂ.ಮೀ. ದಪ್ಪದ ಕಂಬಕ್ಕೆ ಒಂದು ಪಕ್ಕ 3 ಸೆಂ.ಮೀ. ತಗ್ಗು ಸಾಕು. ಕೊಯ್ದ ಮುಖಕ್ಕೆ ಡಾಂಬರು ಬಳಿಯಿರಿ.

ಮುಚ್ಚಳಕ್ಕೆ ಸತುವಿನ ಲೇಪವಿರುವ 24 ಗೇಜಿನ ತಗಡು ಉತ್ತಮ. ಮನೆ ಮಾಡಿಗೆ ಹಾಕಿ ಉಳಿದ ತುಂಡಾದರೂ ಆದೀತು. ಎಣ್ಣೆ ಡಬ್ಬಿಯ ತಗಡು ಬೇಗ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಬಿಗಿಯುವವರಿದ್ದಾರೆ. ಇದು ಮುಚ್ಚಳ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಒಳಗೆ ಸೇರಿದ ತೇವ ಹೊರಬರಲು ದಾರಿಯೇ ಇರುವುದಿಲ್ಲ.

ಅದೇ 10 ಸೆಂ.ಮೀ. ಕಂಬಕ್ಕೆ 18 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ತುಂಡು ಕತ್ತರಿಸಿರಿ. ಉದ್ದದ ಎರಡು ತುದಿಗಳನ್ನು 4 ಸೆಂ.ಮೀ.ನಂತೆ ಕೆಳಗೆ ಮಡಿಸಿ, ಎತ್ತಿಗೆ ಜೂಲು ಹೊದಿಸಿದಂತೆ ತಲೆಯ ಮೇಲೆ ಕೂರಿಸಿರಿ. ಹಿಂದೆ ಮುಂದೆ ಸುಮಾರು 2 ಸೆಂ.ಮೀ. ಹೊರಚಾಚಿ ಸೂರಿನಂತೆ ಇರಲಿ, ನೀರು ಕಂಬದ ಮೈಗೆ ತಾಗದೆ ಬೀಳಲಿ. ಚೂಪು ಅಂಚನ್ನು ಒಳಕ್ಕೆ ಮಡಿಸಿ ಬಡಿಯುವುದು ಒಳ್ಳೆಯದು. ಮಕ್ಕಳು ಬೇಲಿ ಹತ್ತದೆ ಇರುವುದಿಲ್ಲ. ಮೊಳೆ ಪಕ್ಕದ ಮಡಿಕೆಗೆ ಮಾತ್ರ, ಅದೂ ಸತುವಿನ ಲೇಪದ್ದು. ಮೇಲಿನಿಂದ ಹೊಡೆದರೆ ಆ ತೂತೇ ನೀರಿಗೆ ಬಾಗಿಲು.

ಅಡಿಕೆ ತೋಟದವರಿಗೆ ಒಂದು ವಿಶೇಷ ಸೂಚನೆ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದಲ್ಲಿಯೇ ಕಂಬ ಅದ್ದುವ ವಾಡಿಕೆ ಕೆಲವು ಕಡೆ ಉಂಟು. ಮೈಲುತುತ್ತ ಕಬ್ಬಿಣವನ್ನೂ ಸತುವನ್ನೂ ತಿನ್ನುತ್ತದೆ. ಅಂಥ ಕಂಬದ ಮೇಲೆ ತಗಡು ನೇರವಾಗಿ ಕೂರಬಾರದು. ಡಾಂಬರು ದಪ್ಪಗೆ ಬಳಿದು, ಮೇಲೆ ಹಳೆಯ ಟ್ಯೂಬಿನ ತುಂಡೊಂದನ್ನು ತಗಡಿನ ಅಳತೆಗೇ ಕತ್ತರಿಸಿ, ಮಡಿಕೆಯೊಳಗೂ ಬರುವಂತೆ ಹಾಸಿ ಬಳಿಕ ಮುಚ್ಚಿರಿ.

ಹಸಿ ಕಂಬಕ್ಕೆ ಆತುರಪಟ್ಟು ಮುಚ್ಚಳ ಹೊಡೆಯಬೇಡಿ. ಮರ ಒಣಗಿ ಕುಗ್ಗಿದಾಗ ಮೊಳೆ ಸಡಿಲಾಗುತ್ತದೆ. ಮಾಗಿಯಲ್ಲಿ ಕಡಿದು, ತೊಗಟೆ ತೆಗೆದು, ನೆರಳಿನಲ್ಲಿ ಒಣಗಿಸಿದ ಕಂಬಕ್ಕೆ ಮುಂಗಾರಿನ ಮೊದಲು ಈ ಕೆಲಸ ಮುಗಿಸಬಹುದು. ಹಳೆಯ ಕಂಬವಾದರೆ ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆಯಿರಿ. ಕೊಳೆಯ ಮೇಲೆ ತಗಡು ಹೊದಿಸಿದರೆ ಕಾಣುವುದಕ್ಕೆ ಚೆಂದ, ಅಷ್ಟೆ.

ಇನ್ನು ಹಾಲುವಾಣ, ಗ್ಲಿರಿಸಿಡಿಯಾ ಗೂಟಗಳನ್ನೇ ಕಂಬವಾಗಿ ನೆಟ್ಟವರು ಈ ಯಾವುದನ್ನೂ ಮಾಡಬೇಕಿಲ್ಲ. ಅವು ತಲೆಯಲ್ಲಿ ತಾವೇ ಚಿಗುರುತ್ತವೆ.