ಸಾಲದ ಲೆಕ್ಕ ಮನೆಯವರೆಲ್ಲರ ಮುಂದಿರಲಿ
(ಜುಮಾ ಖುತುಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವ ವಿಷಯದ್ದು? ಅದು ಸಾಲದ ವಿಷಯದ್ದು. ಅಲ್ ಬಕರಾ ಅಧ್ಯಾಯದ 282ನೇ ಸೂಕ್ತದಲ್ಲಿ ಅಲ್ಲಾಹನು ಸಾಲವನ್ನು ಬರೆದಿಡಲು, ಸಾಕ್ಷಿಗಳನ್ನು ಇಟ್ಟುಕೊಳ್ಳಲು ಆದೇಶಿಸಿದ್ದಾನೆ. ಮೊತ್ತ ಚಿಕ್ಕದೆಂದು ಬರೆಯಲು ಬೇಸರಪಡಬಾರದೆಂದೂ ಹೇಳಿದ್ದಾನೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆ ಬರಹ ಇದೆ?

ಮಂಡ್ಯದ ಕಬ್ಬು, ಮದ್ದೂರಿನ ಎಳನೀರು, ಮಳವಳ್ಳಿಯ ರೇಷ್ಮೆ ಇವುಗಳ ಸುತ್ತಲೇ ನಮ್ಮ ಊರುಗಳ ವ್ಯವಹಾರ. ಹಮಾಲಿಯಾಗಲಿ, ಗ್ಯಾರೇಜಾಗಲಿ, ಹಣ್ಣಿನ ಗಾಡಿಯಾಗಲಿ, ನಮ್ಮ ದುಡಿಮೆ ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ. ಸಂಘದ ಕಂತು ಮಾತ್ರ ತಪ್ಪದೆ ಬಾಗಿಲಿಗೆ ಬರುತ್ತದೆ. ಸಾಲ ಹೆಣ್ಣುಮಕ್ಕಳ ಹೆಸರಿನಲ್ಲಿ ಇರುತ್ತದೆ, ಖರ್ಚು ಇಡೀ ಮನೆಯದು. ಒಂದನ್ನು ತೀರಿಸಲು ಇನ್ನೊಂದು ಸಾಲ. ಗಂಡನ ಕೈಗಡ ಮಡದಿಗೆ ಗೊತ್ತಿಲ್ಲ, ಮಡದಿಯ ಸಂಘದ ಬಾಕಿ ಗಂಡನಿಗೆ ಗೊತ್ತಿಲ್ಲ. ದುಡಿಯುವವರು ಹಠಾತ್ತನೆ ಕಣ್ಣುಮುಚ್ಚಿದರೆ ಯಾರಿಗೆ ಎಷ್ಟು ಕೊಡಬೇಕೆಂದು ಹೇಳುವವರು ಯಾರು?

ಹಝ್ರತ್ ಝುಬೈರ್(ರ) ಅವರ ವಿಷಯ ಸಹೀಹ್ ಬುಖಾರಿಯಲ್ಲಿದೆ. ಜಮಲ್ ಯುದ್ಧದ ದಿನ ಅವರು ಮಗ ಅಬ್ದುಲ್ಲಾ(ರ)ರನ್ನು ಕರೆದು, ತಮಗಿರುವ ದೊಡ್ಡ ಚಿಂತೆ ಸಾಲವೆಂದೂ ಆಸ್ತಿ ಮಾರಿ ಅದನ್ನು ತೀರಿಸಬೇಕೆಂದೂ ತಿಳಿಸಿದರು. ಮಗ ಲೆಕ್ಕ ಹಾಕಿದಾಗ ಸಾಲ 22 ಲಕ್ಷವಿತ್ತು. ಜಮೀನು ಮಾರಿ ತೀರಿಸಿದರು. ವಾರಸುದಾರರು ಪಾಲು ಕೇಳಿದಾಗಲೂ ಕೂಡಲೇ ಹಂಚಲಿಲ್ಲ. ತಂದೆಯಿಂದ ಬರಬೇಕಾದದ್ದು ಇದ್ದವರು ಬನ್ನಿ ಎಂದು ನಾಲ್ಕು ವರ್ಷ ಹಜ್ಜಿನ ಕಾಲದಲ್ಲಿ ಸಾರಿದ ಮೇಲೆಯೇ ಹಂಚಿದರು. ತಂದೆ ಮುಚ್ಚಿಡಲಿಲ್ಲ, ಆದ್ದರಿಂದ ಮಗನಿಗೆ ತೀರಿಸಲು ಸಾಧ್ಯವಾಯಿತು.

ನಾವೂ ಒಂದು ನೋಟ್‌ಬುಕ್ ಇಡೋಣ. ಒಂದು ಮನೆಗೆ ಸಂಘದಲ್ಲಿ 48,000, ಭಾವನ ಕೈಗಡ 30,000, ದಿನಸಿ ಅಂಗಡಿಯಲ್ಲಿ 6,000 ರೂಪಾಯಿ ಬಾಕಿ ಇದೆಯೆಂದು ಇಟ್ಟುಕೊಳ್ಳಿ. ಒಟ್ಟು 84,000. ಪ್ರತಿ ತಿಂಗಳ ಕೊನೆಗೆ ಗಂಡ ಹೆಂಡತಿ ಇಬ್ಬರೂ ಕೂತು, ಬೆಳೆದ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು, ಹೊಸ ಒಟ್ಟು ಬರೆಯಬೇಕು. ಕಟ್ಟಿದ್ದೆಷ್ಟು ಎಂದು ಬರೆದರೆ ಸಾಲದು, ಉಳಿದದ್ದೆಷ್ಟು ಎಂದು ಬರೆಯಿರಿ. ಏಕೆಂದರೆ ಕಂತಿನಲ್ಲಿ ಒಂದು ಪಾಲು ಬಡ್ಡಿಗೇ ಹೋಗುತ್ತದೆ. ಒಂದು ಕಡೆ ತಂದು ಇನ್ನೊಂದು ಕಡೆ ಕಟ್ಟಿದರೆ ಒಟ್ಟು ಇಳಿಯುವುದಿಲ್ಲ, ಅದನ್ನು ಪುಸ್ತಕವೇ ಹೇಳುತ್ತದೆ. ತಿಂಗಳಿಗೆ 3,500 ಇಳಿದರೆ ಎರಡು ವರ್ಷದಲ್ಲಿ ಋಣ ಮುಗಿಯುತ್ತದೆ. ಯಾವುದೋ ತಿಂಗಳು ಏರಿದರೆ ಅದನ್ನೂ ಬರೆಯಿರಿ, ಬೈದಾಡಬೇಡಿ. ಬಡ್ಡಿ ಹರಾಮ್, ಆದ್ದರಿಂದ ಮೊದಲು ಬಡ್ಡಿಯ ಸಾಲದಿಂದ ಹೊರಬನ್ನಿ. ಅಲ್ಲಿಯವರೆಗೆ ಮದುವೆಯ ಆಡಂಬರ, ಕಂತಿನ ಮೊಬೈಲ್ ಬೇಡ.

ಕಾನೂನೂ ತಿಳಿದಿರಲಿ. ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಮನೆಯ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ವಸೂಲಿಗಾಗಿ ಬೆದರಿಸುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಕಾನೂನನ್ನು ನಮ್ಮ ರಾಜ್ಯ 2025ರಲ್ಲಿ ತಂದಿದೆ. ಕಿರುಕುಳವಾದರೆ ಪೊಲೀಸರಿಗೆ ದೂರು ಕೊಡಿ, ಜಮಾಅತಿನವರಿಗೆ ತಿಳಿಸಿ. ಜೀವ ಅಲ್ಲಾಹನ ಅಮಾನತ್ತು, ಯಾವ ಸಾಲಕ್ಕೂ ಅದನ್ನು ಬಲಿಕೊಡಬಾರದು.

ಸಾಲ ಕೊಟ್ಟ ಸಹೋದರರಿಗೂ ಒಂದು ಮಾತು. ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು 280ನೇ ಸೂಕ್ತ ಕಲಿಸುತ್ತದೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಸೇರಿದ್ದಾರೆ. ಮಯ್ಯಿತ್ತಿನ ಸಾಲ ತೀರಿಲ್ಲವೆಂದು ಪ್ರವಾದಿ(ಸ)ರು ಜನಾಝಾ ನಮಾಝಿಗೆ ನಿಲ್ಲದಿದ್ದಾಗ ಅಬೂ ಕತಾದಾ(ರ) ಆ ಹೊಣೆ ಹೊತ್ತರು. ನಮ್ಮ ಮೊಹಲ್ಲಾದಲ್ಲಿ ಅಂಥ ಹೊಣೆ ಹೊರುವವರು ಮರಣದ ತನಕ ಕಾಯಬೇಕೇ?

ಈ ತಿಂಗಳೇ ಮೊದಲ ಪುಟ ಬರೆಯೋಣ. ಅಲ್ಲಾಹನು ನಮ್ಮ ಮನೆಗಳನ್ನು ಋಣಮುಕ್ತಗೊಳಿಸಲಿ, ಹಲಾಲ್ ಸಂಪಾದನೆಯಲ್ಲಿ ಬರಕತ್ ನೀಡಲಿ. ಆಮೀನ್.