ಕಾರಿನ ಹೊಳಪು: ಅಂಗಡಿಯಿಂದಲೋ, ಆನ್‌ಲೈನಿನಿಂದಲೋ?



ಕಾರು ತೊಳೆಯುವ ಸಾಮಾನಿನ ವಿಚಾರ ನಮಗೇಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಬಹುಮಂದಿಗೆ ಕಾರು ಓಡಿಸುವ ವಯಸ್ಸೇ ಆಗಿರಲಿಕ್ಕಿಲ್ಲ. ಆದರೆ ಭಾನುವಾರ ಬೆಳಗ್ಗೆ ಮನೆಯ ಕಾರನ್ನೋ ಸ್ಕೂಟರನ್ನೋ ತೊಳೆಯುವ ಕೆಲಸ ಹೆಚ್ಚಾಗಿ ನಿಮ್ಮ ಪಾಲಿಗೇ ಬಂದಿರುತ್ತದೆ. ಅದಕ್ಕೆ ಬೇಕಾದ ಶಾಂಪೂ, ಬಟ್ಟೆ, ಪಾಲಿಷ್‌ಗಳನ್ನು ಫೋನಿನಲ್ಲಿ ಹುಡುಕಿ ತರಿಸಿಕೊಡುವವರೂ ನೀವೇ.

ನನಗೆ ಈ ವಿಚಾರ ಹತ್ತಿಕೊಂಡದ್ದು ನಮ್ಮ ಬೀದಿಯ ಒಬ್ಬ ಹುಡುಗನಿಂದ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. ಭಾನುವಾರಗಳಂದು ನಾಲ್ಕೈದು ಮನೆಯವರ ಕಾರು ತೊಳೆದು, ಒಳಗಿನ ಧೂಳು ತೆಗೆದು, ಪಾಲಿಷ್ ಮಾಡಿ, ಬಂದ ಹಣವನ್ನು ಕಾಲೇಜಿನ ಶುಲ್ಕಕ್ಕೆ ಕೂಡಿಡುತ್ತಾನೆ. ಈ ಕೆಲಸಕ್ಕೆ ಈಗ ಡೀಟೇಲಿಂಗ್ ಎಂಬ ದೊಡ್ಡ ಹೆಸರಿದೆ. ಸಾಮಾನನ್ನು ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳುವುದೋ, ಆನ್‌ಲೈನಿನಲ್ಲಿ ತರಿಸುವುದೋ ಎಂದು ಅವನು ಒಂದು ದಿನ ನನ್ನನ್ನು ಕೇಳಿದ. ನಾನು ಓದಿದ್ದು ವಿಜ್ಞಾನವಾದ್ದರಿಂದ, ಕೊಳ್ಳುವ ಮೊದಲು ಏನನ್ನು ಉಜ್ಜುತ್ತಿದ್ದೇವೆ ಎಂಬುದನ್ನು ತಿಳಿದುಕೊಳ್ಳೋಣ ಎಂದೆ. ನಿಮಗೂ ಅದನ್ನೇ ಮೊದಲು ಹೇಳುತ್ತೇನೆ.

ಕಾರಿನ ಮೈಮೇಲಿರುವುದು ಒಂದೇ ಬಣ್ಣವಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಈ ಕೊನೆಯ ಪದರದ ದಪ್ಪ ಸುಮಾರು 40ರಿಂದ 50 ಮೈಕ್ರೋಮೀಟರ್. ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್ ಎಂದುಕೊಳ್ಳಿ. ಅಂದರೆ ಲಕ್ಷಾಂತರ ರೂಪಾಯಿ ಬೆಲೆಯ ಕಾರಿನ ಹೊಳಪೆಲ್ಲ ಒಂದು ಕೂದಲೆಳೆಗಿಂತ ತೆಳುವಾದ ಪದರದಲ್ಲಿದೆ. ರಸ್ತೆಯ ಧೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ; ಮೋಸ್ ಮಾಪಕದಲ್ಲಿ ಅವುಗಳ ಗಡಸುತನ 7. ಒಣಬಟ್ಟೆಯಿಂದ ಧೂಳು ಒರೆಸುವವನು ಆ ಪದರಕ್ಕೆ ಮರಳು ಕಾಗದ ಹಾಕಿದಂತೆಯೇ. ಹೀಗಾಗಿ ಡೀಟೇಲಿಂಗ್‌ನ ಮೊದಲ ಸಾಮಾನು ನೀರು. ಅದನ್ನು ಎಲ್ಲಿಂದಲೂ ತರಿಸಬೇಕಾಗಿಲ್ಲ.

ಎರಡನೆಯದು ಬಟ್ಟೆ. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಸೇರಿಸಿ ನೇಯ್ದ ಮೈಕ್ರೋಫೈಬರ್ ಬಟ್ಟೆಯನ್ನು ನೀವು ನೋಡಿರುತ್ತೀರಿ. ಇದನ್ನು ಮಾರುವವರು ಜಿಎಸ್ಎಂ ಎಂಬ ಸಂಖ್ಯೆಯನ್ನು ದೊಡ್ಡದಾಗಿ ಹಾಕುತ್ತಾರೆ. ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದೇ ಅದರ ಅರ್ಥ. ಹುಡುಗ ಆನ್‌ಲೈನಿನಲ್ಲಿ 800 ಜಿಎಸ್ಎಂ ಎಂದು ಬರೆದಿದ್ದ ಬಟ್ಟೆಗಳನ್ನು ತರಿಸಿದ. ಮುಟ್ಟಿದಾಗ ಏಕೋ ತೆಳುವಾಗಿದೆ ಅನ್ನಿಸಿತು. ಬಟ್ಟೆಯ ಅಳತೆ 40 ಸೆಂಟಿಮೀಟರ್‌ಗೆ 40 ಸೆಂಟಿಮೀಟರ್, ಅಂದರೆ 0.16 ಚದರ ಮೀಟರ್. ಹೇಳಿದ್ದು ನಿಜವಾಗಿದ್ದರೆ ಒಂದು ಬಟ್ಟೆ 128 ಗ್ರಾಂ ತೂಗಬೇಕು. ನಮ್ಮ ಮನೆಯ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟೆವು. 62 ಗ್ರಾಂ! ಭಾಗಿಸಿ ನೋಡಿದರೆ 390 ಜಿಎಸ್ಎಂ ಕೂಡ ಇಲ್ಲ. ಇದಕ್ಕೆ ಯಾವ ಪ್ರಯೋಗಶಾಲೆಯೂ ಬೇಕಾಗಲಿಲ್ಲ, ಎಂಟನೆಯ ತರಗತಿಯ ಗಣಿತ ಸಾಕಾಯಿತು. ತಕ್ಕಡಿಯ ಮೇಲಿಟ್ಟ ಬಟ್ಟೆಯ ಚಿತ್ರ ತೆಗೆದು ದೂರು ಕಳಿಸಿದ. ಐದು ದಿನದಲ್ಲಿ ಹಣ ವಾಪಸ್ಸು ಬಂತು. ಬಟ್ಟೆ ಮರಳಿಸುವುದು ಬೇಡ ಎಂಬ ಸಂದೇಶವೂ ಬಂತು. ಈ ನಡುವೆ ಅವನು ಒಬ್ಬ ಮನುಷ್ಯನ ಜೊತೆಗೂ ಮಾತಾಡಲಿಲ್ಲ.

ಅಂಗಡಿಯಲ್ಲಾಗಿದ್ದರೆ ಆ ಬಟ್ಟೆಯನ್ನು ಅವನು ಕೊಳ್ಳುತ್ತಲೇ ಇರಲಿಲ್ಲ. ಎರಡು ಬೆರಳ ನಡುವೆ ಹಿಡಿದರೆ ತಿಳಿಯುವ ವಿಷಯ ಅದು. ಅಂಚಿನ ಹೊಲಿಗೆ ಒರಟಾಗಿದೆಯೋ ಮೆತ್ತಗಿದೆಯೋ ಎಂಬುದನ್ನು ಕೈ ಹೇಳುವಂತೆ ಚಿತ್ರ ಹೇಳಲಾರದು.

ಚಿತ್ರದ ಮಾತು ಬಂದಾಗ ನಮ್ಮ ಕಸುಬಿನ ಒಂದು ಗುಟ್ಟನ್ನು ಹೇಳಿಬಿಡುತ್ತೇನೆ. ಪಾಲಿಷ್ ಹಚ್ಚುವ ಮುಂಚೆ ಹೀಗಿತ್ತು, ಹಚ್ಚಿದ ಮೇಲೆ ಹೀಗಾಯಿತು ಎಂದು ತೋರಿಸುವ ವಿಡಿಯೋಗಳನ್ನು ನೀವು ನೋಡುತ್ತೀರಿ. ಕಾರಿನ ಮೇಲಿನ ಸಣ್ಣ ಗೀರುಗಳು ಒಂದೇ ಬಿಂದುವಿನಿಂದ ಬರುವ ಪ್ರಖರ ಬೆಳಕಿನಲ್ಲಿ ಜೇಡರ ಬಲೆಯಂತೆ ಎದ್ದು ಕಾಣುತ್ತವೆ. ಅದೇ ದೀಪದ ಮುಂದೆ ಒಂದು ಬಟರ್ ಪೇಪರ್ ಹಿಡಿದರೆ ಬೆಳಕು ಚದುರಿ, ಗೀರುಗಳು ಮಾಯವಾಗುತ್ತವೆ. ಸ್ಟುಡಿಯೋದಲ್ಲಿ ಮುಖದ ಸುಕ್ಕು ಕಾಣದಂತೆ ಮಾಡಲು ನಾವು ಮಾಡುವುದೂ ಇದನ್ನೇ. ವಿಡಿಯೋ ಮಾಡಿದವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ಚಿತ್ರಗಳಲ್ಲೂ ನೆರಳು ಒಂದೇ ಕಡೆ ಬಿದ್ದಿದೆಯೇ ಎಂದು ನೋಡಿ. ಗ್ರಾಹಕರು ಬರೆಯುವ ಅಭಿಪ್ರಾಯಗಳಲ್ಲೂ ಇಂಥದೇ ಒಂದು ತೊಡಕಿದೆ. ಮೇಣದ ಪದರ ಮಳೆಗಾಲವಿಡೀ ನಿಂತಿತೇ ಎಂಬುದು ತಿಂಗಳುಗಳ ನಂತರ ತಿಳಿಯುವ ಸಂಗತಿ. ಆದರೆ ಐದು ನಕ್ಷತ್ರ ಒತ್ತುವವರು ಹೆಚ್ಚಾಗಿ ಪೊಟ್ಟಣ ಬಿಚ್ಚಿದ ವಾರದಲ್ಲೇ ಒತ್ತಿರುತ್ತಾರೆ.

ಇನ್ನು ಶಾಂಪೂ. ಬಟ್ಟೆ ಒಗೆಯುವ ಪುಡಿಯಿಂದ ಕಾರು ತೊಳೆಯಬೇಡಿ ಎನ್ನುವುದೇಕೆ? ಆ ಪುಡಿಯ ದ್ರಾವಣದ ಪಿಎಚ್ 10ರ ಆಸುಪಾಸಿನಲ್ಲಿರುತ್ತದೆ, ಒಳ್ಳೆಯ ಕಾರು ಶಾಂಪೂವಿನದು 7ರ ಹತ್ತಿರ. ಮೂರೇ ಅಂಕಿಯ ವ್ಯತ್ಯಾಸವೆಂದು ತಿಳಿಯಬೇಡಿ. ಪಿಎಚ್ ಲಾಗರಿದಮ್ ಮಾಪಕವಾದ್ದರಿಂದ ಪ್ರತ್ಯಾಮ್ಲೀಯತೆಯಲ್ಲಿ ಇದು ಸಾವಿರ ಪಟ್ಟು. ಕಷ್ಟಪಟ್ಟು ಹಚ್ಚಿದ ಮೇಣವನ್ನು ಅದು ತೊಳೆದುಹಾಕುತ್ತದೆ. ಈ ಮೇಣಗಳಲ್ಲಿ ಹೆಸರಾದ ಕಾರ್ನೌಬಾ ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಸುಮಾರು 82 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ; ನಮ್ಮ ಬೇಸಗೆಯ ಬಿಸಿಲಲ್ಲಿ ನಿಂತ ಕಾರಿನ ಬಾನೆಟ್ಟಿನ ಮೇಲೂ ಉಳಿಯುವುದು ಅದಕ್ಕೇ.

ಶಾಂಪೂ ಬಾಟಲಿಯಲ್ಲಿ ಬಹುಪಾಲು ಇರುವುದು ನೀರು. ದೂರದಿಂದ ತರಿಸುವಾಗ ನೀವು ನೀರಿನ ಸಾಗಣೆಗೂ ದುಡ್ಡು ಕೊಡುತ್ತಿದ್ದೀರಿ. ಬೆಲೆ ನೋಡುವಾಗ ಬಾಟಲಿಯ ಬೆಲೆ ನೋಡದೆ ಬಕೆಟ್ಟಿನ ಬೆಲೆ ನೋಡಿ. ಲೆಕ್ಕಕ್ಕಾಗಿ ಒಂದು ಉದಾಹರಣೆ ಹಾಕಿಕೊಳ್ಳೋಣ. ಒಂದು ಲೀಟರಿಗೆ 300 ರೂಪಾಯಿಯ ಶಾಂಪೂ ಒಂದು ಬಕೆಟ್ ನೀರಿಗೆ 50 ಮಿಲಿಲೀಟರ್ ಬೇಡುತ್ತದೆ. ಅರ್ಧ ಲೀಟರಿಗೆ 450 ರೂಪಾಯಿಯ ಇನ್ನೊಂದು 10 ಮಿಲಿಲೀಟರ್ ಮಾತ್ರ ಬೇಡುತ್ತದೆ. ಮೊದಲನೆಯದರಲ್ಲಿ ಬಕೆಟ್ಟಿಗೆ 15 ರೂಪಾಯಿ, ಎರಡನೆಯದರಲ್ಲಿ 9. ಈಗ ಪೊಟ್ಟಣಗಳ ಮೇಲೆ ಒಂದು ಮಿಲಿಲೀಟರಿಗೆ ಎಷ್ಟೆಂಬ ಬೆಲೆಯನ್ನೂ ಮುದ್ರಿಸುತ್ತಾರೆ. ಅದು ಉಪಯೋಗದ್ದೇ, ಆದರೆ ಇಲ್ಲಿ ಅದನ್ನೇ ನಂಬಿದರೆ ದುಬಾರಿಯದನ್ನು ಅಗ್ಗವೆಂದು ತಂದುಬಿಡುತ್ತೀರಿ. ‘ಎಪ್ಪತ್ತು ಶೇಕಡಾ ರಿಯಾಯಿತಿ’ಯೂ ಹಾಗೆಯೇ. ಎಂಆರ್‌ಪಿಯನ್ನು ಮುದ್ರಿಸುವವನು ತಯಾರಕ. ಅದನ್ನು ಎತ್ತರಕ್ಕೆ ಬರೆದು ಕೆಳಗಿಳಿಸಿ ತೋರಿಸುವುದು ಕಷ್ಟವಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಪೊಟ್ಟಣದ ಸಾಮಾನಿನ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ಪ್ರಮಾಣ, ಬೆಲೆ, ತಯಾರಾದ ತಿಂಗಳು ಮತ್ತು ವರ್ಷ ಇರಲೇಬೇಕೆಂದು 2011ರ ನಿಯಮ ಹೇಳುತ್ತದೆ. 2018ರ ಜನವರಿಯಿಂದ ಆನ್‌ಲೈನ್ ಮಾರಾಟದ ಪುಟದಲ್ಲೂ ಈ ವಿವರ ತೋರಿಸಬೇಕು, ಆದರೆ ತಯಾರಾದ ತಿಂಗಳು, ವರ್ಷಕ್ಕೆ ಮಾತ್ರ ವಿನಾಯಿತಿ ಇದೆ. ಹಳೆಯ ದಾಸ್ತಾನೋ ಹೊಸದೋ ಎಂಬುದು ಪೊಟ್ಟಣ ಕೈಗೆ ಬಂದ ಮೇಲೆಯೇ ತಿಳಿಯುತ್ತದೆ. ಅಂಗಡಿಯಲ್ಲಿ ಬಾಟಲಿ ತಿರುಗಿಸಿ ನೋಡಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಂತಹ ಬೇಗ ಹೊತ್ತಿಕೊಳ್ಳುವ ದ್ರವಗಳನ್ನಂತೂ ಸಾಮಾನ್ಯ ಪಾರ್ಸಲಿನಂತೆ ವಿಮಾನದಲ್ಲಿ ಸಾಗಿಸುವಂತಿಲ್ಲ. ಅವು ರಸ್ತೆಯ ಮೇಲೆ ನಿಧಾನವಾಗಿ ಬರುತ್ತವೆ. ಬೇಕಾದ ದಿನ ಹತ್ತಿರದ ಅಂಗಡಿಯೇ ಗತಿ.

ಹಾಗಾದರೆ ಅಂಗಡಿಯೇ ಮೇಲು ಎಂದು ನಾನೂ ಅಂದುಕೊಂಡಿದ್ದೆ.

ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋದವರಿಗೆ ಜೆ.ಸಿ. ರಸ್ತೆ ಗೊತ್ತಿರುತ್ತದೆ. ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ನಡೆದರೆ ಉದ್ದಕ್ಕೂ ವಾಹನಗಳ ಬಿಡಿಭಾಗದ ಅಂಗಡಿಗಳು. ಆ ಕಡೆಯ ಒಂದು ಅಂಗಡಿಯಲ್ಲಿ ಹುಡುಗ ಅಲಾಯ್ ಚಕ್ರ ತೊಳೆಯುವ ದ್ರವ ಕೇಳಿದ. ಐದು ಲೀಟರಿನ ಬಿಳಿ ಕ್ಯಾನ್ ಕೊಟ್ಟರು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. “ಸರ್ವಿಸ್ ಸ್ಟೇಷನ್‌ನೋರೆಲ್ಲ ಇದನ್ನೇ ಒಯ್ಯೋದು ಕಣಪ್ಪ, ನೀರು ಬೆರೆಸ್ಕೊ” ಎಂದರಂತೆ. ಎಷ್ಟು ನೀರು ಎಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಿಲ್ಲನ್ನೂ ಪಡೆಯಲಿಲ್ಲ. ಅಗ್ಗವಾಗಿ ಸಿಕ್ಕಿತೆಂಬ ಸಂತೋಷದಲ್ಲಿ ಮನೆಗೆ ಬಂದ.

ಮುಂದಿನ ಭಾನುವಾರ, ಆಗತಾನೇ ಓಡಿಬಂದು ನಿಂತ ಕಾರಿನ ಬಿಸಿ ಚಕ್ರಗಳಿಗೆ ಒಂದಕ್ಕೆ ಮೂರು ಪಾಲು ನೀರು ಬೆರೆಸಿ ಸಿಂಪಡಿಸಿದ. ಹತ್ತು ನಿಮಿಷ ಬಿಟ್ಟು ತೊಳೆದಾಗ, ಪಾರದರ್ಶಕ ಲೇಪ ಕಿತ್ತುಹೋಗಿದ್ದ ಕಡೆಯಲ್ಲೆಲ್ಲ ಹಾಲು ಚೆಲ್ಲಿದಂತಹ ಬಿಳಿ ಕಲೆ. ಏನಾಗಿದೆಯೆಂದು ನೀವೇ ಹೇಳಬಲ್ಲಿರಿ. ಅಲ್ಯೂಮಿನಿಯಂ ಮೇಲಿರುವ ತೆಳುವಾದ ಆಕ್ಸೈಡ್ ಪದರ ಅದನ್ನು ಗಾಳಿ ನೀರಿನಿಂದ ಕಾಪಾಡುತ್ತದೆ. ಆದರೆ ಆ ಆಕ್ಸೈಡ್ ಪ್ರಬಲ ಆಮ್ಲದೊಡನೆಯೂ ವರ್ತಿಸುತ್ತದೆ, ಪ್ರಬಲ ಪ್ರತ್ಯಾಮ್ಲದೊಡನೆಯೂ ವರ್ತಿಸುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಲಿಟ್ಮಸ್ ಕಾಗದ ಅದ್ದಿ ನೋಡಿದೆವು. ಅದ್ದಿದ ಕೂಡಲೇ ಕೆಂಪಾಯಿತು. ಇದನ್ನು ಮುಂಚೆಯೇ ಮಾಡಬಹುದಿತ್ತು. ಆ ಬಾಟಲಿಯ ಆವಿ ಕಣ್ಣಿಗೆ ತಾಗದೆ ಹೋದದ್ದು ಅದೃಷ್ಟ.

ಕಾರಿನ ಯಜಮಾನರು ಗದರಲಿಲ್ಲ. “ನಾಲ್ಕು ಚಕ್ರಕ್ಕೆ ಏನಾಗುತ್ತೋ ನೋಡಿ ಹೇಳು” ಎಂದು ಮಾತ್ರ ಅಂದರು. ಅದು ಗದರಿದ್ದಕ್ಕಿಂತ ಹೆಚ್ಚಾಯಿತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಅವನ ತಾಯಿ ಹೇಳಿದರು.

ಕಾನೂನು ಏನನ್ನುತ್ತದೆ? 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಮಾರಿದವನು ಯಾವ ಊರಿನವನಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಆನ್‌ಲೈನ್ ಸಂಸ್ಥೆಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. 1915 ಎಂಬ ಸಹಾಯವಾಣಿಯೂ ಇದೆ. ಬಟ್ಟೆಯ ವಿಷಯದಲ್ಲಿ ಇವನ ಬಳಿ ಆದೇಶದ ಸಂಖ್ಯೆ, ದಿನಾಂಕ, ಚಿತ್ರ ಎಲ್ಲ ಇತ್ತು. ಕ್ಯಾನಿನ ವಿಷಯದಲ್ಲಿ? ಅದು ಯಾವ ಅಂಗಡಿಯದೆಂದು ಹೇಳಲೂ ಒಂದು ಚೂರು ಕಾಗದವಿರಲಿಲ್ಲ.

ಆದರೂ ಮಂಗಳವಾರ ಚಕ್ರದ ಚಿತ್ರ ಹಿಡಿದುಕೊಂಡು ಅದೇ ಅಂಗಡಿಗೆ ಹೋದ. ಹಣ ವಾಪಸ್ಸು ಕೊಡಲು ಅಂಗಡಿಯವರು ಒಪ್ಪಲಿಲ್ಲ. “ಒಂದಕ್ಕೆ ಹತ್ತು ಹಾಕ್ಬೇಕಿತ್ತು, ತಣ್ಣಗಾದ ಮೇಲೆ ಹೊಡೀಬೇಕಿತ್ತು, ಅಷ್ಟೂ ಗೊತ್ತಿಲ್ವಾ” ಎಂದು ಇವನನ್ನೇ ಬೈದರು. ಬೈದವರು ಗಲ್ಲಾವನ್ನು ಮಗನಿಗೆ ಒಪ್ಪಿಸಿ, ಎದ್ದು ಬಂದು, ಹಿಂದಿನ ಗಲ್ಲಿಯಲ್ಲಿ ಚಕ್ರಗಳಿಗೆ ಬಫಿಂಗ್ ಮಾಡುವ ಒಬ್ಬ ಮುದುಕರ ಬಳಿಗೆ ಕರೆದುಕೊಂಡು ಹೋದರು. “ಓದೋ ಹುಡುಗ, ನೋಡ್ಕೊಂಡು ತಗೊಳ್ಳಿ” ಎಂದರು. ನಾಲ್ಕು ಚಕ್ರಗಳೂ ಎರಡು ವಾರದ ಸಂಪಾದನೆಯಲ್ಲಿ ಸರಿಹೋದವು. ಬರುವಾಗ ಆ ಮುದುಕರು ಯಾವ ಕಾಂಪೌಂಡ್ ಮೊದಲು, ಯಾವುದು ಆಮೇಲೆ ಎಂಬುದನ್ನೂ ತೋರಿಸಿಕೊಟ್ಟರಂತೆ.

ಈಗ ಹುಡುಗ ಬಟ್ಟೆ, ಬ್ರಷ್ಷುಗಳನ್ನು ಮುಟ್ಟಿನೋಡಿ ಅಂಗಡಿಯಲ್ಲೇ ಕೊಳ್ಳುತ್ತಾನೆ, ಬಿಲ್ಲು ಕೇಳಿ. ಒಮ್ಮೆ ಬಳಸಿ ಒಪ್ಪಿದ ಗಾಢ ಶಾಂಪೂವನ್ನು ಆನ್‌ಲೈನಿನಲ್ಲಿ ದೊಡ್ಡ ಬಾಟಲಿ ತರಿಸುತ್ತಾನೆ. ಬಿಳಿ ಕ್ಯಾನನ್ನು ಎಸೆದಿಲ್ಲ. ಚರಂಡಿಗೆ ಸುರಿಯುವುದು ಬೇಡವೆಂದು ನಾನೇ ತಡೆದೆ. ಮೊನ್ನೆ ನೋಡಿದೆ, ಅದಕ್ಕೊಂದು ನೋಟ್‌ಬುಕ್ ಹಾಳೆ ಅಂಟಿಸಿದ್ದಾನೆ. ‘ಪ್ರಬಲ ಆಮ್ಲ. 1ಕ್ಕೆ 10 ನೀರು. ಆಮ್ಲವನ್ನು ನೀರಿಗೆ ಹಾಕು, ನೀರನ್ನು ಆಮ್ಲಕ್ಕಲ್ಲ. ಬಿಸಿ ಚಕ್ರಕ್ಕೆ ಬೇಡ. ಕೈಗವಸು, ಕನ್ನಡಕ.’ ಕೆಳಗೆ ‘ತಯಾರಕರ ಹೆಸರು’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾನೆ.